ಗೇಮ್ ಮಾರಬೇಡಿ, ಕೋಡ್ ಬಿಡಿಸಿ

ಯಾವನೋ ಒಬ್ಬ ಹುಡುಗ ಹೆದ್ದಾರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ಗರ್ರನೆ ತಿರುಗಿಸಿದ ವಿಡಿಯೋ ವಾಟ್ಸಾಪಿಗೆ ಬಂದರೆ ಸಾಕು, ಮರುದಿನ ನಮ್ಮ ಮನೆಗಳಲ್ಲಿ ತೀರ್ಪು ಆಗಿಬಿಡುತ್ತದೆ: "ಇದೆಲ್ಲ ಆ ಗೇಮಿನಿಂದ ಕಲಿತದ್ದು. ಮೊದಲು ಅದನ್ನು ಮಾರಿ." ಉಪ್ಪ ಹೇಳುತ್ತಾರೆ, ದುಬೈಯಿಂದ ಫೋನಿನಲ್ಲಿ ಇಚ್ಚ ಹೇಳುತ್ತಾರೆ, ಮದುವೆ ಮನೆಯಲ್ಲಿ ಬಿರಿಯಾನಿಗೆ ಕೂತಾಗ ಪಕ್ಕದ ಎಲೆಯ ಮಾಮನೂ ಹೇಳುತ್ತಾರೆ. ತಲಪಾಡಿಯಿಂದ ಕುಂಬಳೆಯವರೆಗೆ ಉಳಿದ ಎಲ್ಲ ವಿಷಯಕ್ಕೂ ನಮ್ಮಲ್ಲಿ ಎರಡು ಪಾರ್ಟಿ ಉಂಟು, ಇದೊಂದಕ್ಕೆ ಮಾತ್ರ ಇಲ್ಲ. ಹಾಗಾಗಿ ಎರಡನೇ ಪಾರ್ಟಿಗೆ ನಾನೊಬ್ಬನಾದರೂ ಇರಲಿ ಎಂದು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. ಕಾರಿನ ಒಳ್ಳೆಯ ರೇಸಿಂಗ್ ಗೇಮಿನಲ್ಲಿ ಟ್ಯೂನಿಂಗ್ ಎಂಬ ಒಂದು ಪುಟ ಉಂಟು. ನಮ್ಮ ಮಕ್ಕಳ ಕೈಗೆ ಇವತ್ತಿನವರೆಗೆ ಸಿಕ್ಕ ಮೆಕ್ಯಾನಿಕಲ್ ಲ್ಯಾಬುಗಳಲ್ಲಿ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಆ ಲ್ಯಾಬನ್ನು ಹಾಳು ಮಾಡುತ್ತಿರುವುದು ಯೂಟ್ಯೂಬಿನಿಂದ ನೋಡಿ ಹಾಕುವ ಒಂಬತ್ತು ಅಂಕಿಯ ಕೋಡ್. ಹಿರಿಯರು ಲ್ಯಾಬಿಗೆ ಬೀಗ ಹಾಕಲು ಹೊರಟಿದ್ದಾರೆ, ಹುಡುಗರು ಲ್ಯಾಬಿನೊಳಗೆ ಕೂತು ಪಕ್ಕದವನ ರೆಕಾರ್ಡ್ ಬುಕ್ ನೋಡಿ ಬರೆಯುತ್ತಿದ್ದಾರೆ. ನನಗೆ ಜಗಳ ಇಬ್ಬರ ಹತ್ತಿರವೂ.

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಫೋರ್ಝಾ ಹೊರೈಝನ್ 5 ಎಂಬ ಗೇಮ್ 2021ರಲ್ಲಿ ಬಂದದ್ದು, ಮೆಕ್ಸಿಕೋ ದೇಶದ ರಸ್ತೆಗಳನ್ನು ಇಟ್ಟುಕೊಂಡು ಮಾಡಿದ್ದು. ಮೊದಲು ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರಿನಲ್ಲಿ ಮಾತ್ರ ಇತ್ತು, 2025ರಲ್ಲಿ ಪಿಎಸ್5ಗೂ ಬಂತು. ಅದರಲ್ಲಿ ಕಾರಿಗೆ ಪಾರ್ಟ್ಸ್ ಹಾಕಿದ ಮೇಲೆ ಟ್ಯೂನಿಂಗ್ ತೆರೆದರೆ ಟೈರಿನ ಗಾಳಿ, ಗೇರ್ ರೇಶಿಯೋ, ಕ್ಯಾಂಬರ್, ಟೋ, ಕ್ಯಾಸ್ಟರ್, ಆಂಟಿ ರೋಲ್ ಬಾರ್, ಸ್ಪ್ರಿಂಗ್, ಡ್ಯಾಂಪರ್, ಬ್ರೇಕ್, ಡಿಫರೆನ್ಶಿಯಲ್ ಎಲ್ಲವನ್ನೂ ಒಂದೊಂದಾಗಿ ಎಡಕ್ಕೂ ಬಲಕ್ಕೂ ಸರಿಸಬಹುದು. ಸರಿಸಿ, ಅದೇ ತಿರುವಿಗೆ ಅದೇ ಸ್ಪೀಡಿನಲ್ಲಿ ಹೋಗಿ, ಏನಾಯಿತು ನೋಡಬಹುದು. ಡಿಪ್ಲೊಮಾದಲ್ಲಿ ನಮಗೆ ಡಿಫರೆನ್ಶಿಯಲ್ ತೋರಿಸಿದ್ದು ಅರ್ಧಕ್ಕೆ ಕೊಯ್ದು ಬಣ್ಣ ಬಳಿದು ಸ್ಟ್ಯಾಂಡಿನ ಮೇಲೆ ಇಟ್ಟದ್ದನ್ನು. ಅದು ತಿರುಗುತ್ತಲೇ ಇರಲಿಲ್ಲ. ಚಿತ್ರ ಬಿಡಿಸಿ, ಭಾಗ ಗುರುತಿಸಿ, ಮಾರ್ಕ್ ತೆಗೆದುಕೊಂಡು ಹೊರಗೆ ಬಂದೆವು. ಅದನ್ನು ಬಿಗಿ ಮಾಡಿದರೆ ಕಾರು ಏನು ಮಾಡುತ್ತದೆ, ಸಡಿಲ ಮಾಡಿದರೆ ಏನು ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹದಿನಾರು ವರ್ಷದ ಹುಡುಗ ಇವತ್ತು ಸೋಫಾದ ಮೇಲೆ ಕೂತು ಅದನ್ನೇ ಮಾಡಿ ನೋಡುತ್ತಾನೆ.

ಮಾಡಿ ನೋಡಿದರೆ, ಅಂತ ಹೇಳಬೇಕು. ಅಲ್ಲಿಯೇ ತೊಂದರೆ. ಬೇರೆಯವರು ಮಾಡಿಟ್ಟ ಟ್ಯೂನಿಂಗಿಗೆ ಆ ಗೇಮಿನಲ್ಲಿ ಒಂಬತ್ತು ಅಂಕಿಯ ನಂಬರ್ ಇರುತ್ತದೆ. ನಂಬರ್ ಹಾಕಿದರೆ ಎಲ್ಲ ಸೆಟ್ಟಿಂಗ್ ತನ್ನಿಂದ ತಾನೇ ಕೂತುಕೊಳ್ಳುತ್ತದೆ. ಮೇಲಾಗಿ ಹಾಗೆ ಇಳಿಸಿದ ಟ್ಯೂನಿನ ಒಳಗೆ ಯಾವ ಸ್ಲೈಡರ್ ಎಲ್ಲಿದೆ ಎಂದು ನೋಡಲೂ ಬಿಡುವುದಿಲ್ಲ, ಬೀಗ ಹಾಕಿಯೇ ಬರುತ್ತದೆ. "ಬೆಸ್ಟ್ ಡ್ರಿಫ್ಟ್ ಟ್ಯೂನ್" ಎಂದು ಹುಡುಕಿ, ನಂಬರ್ ಒತ್ತಿ, ಹೊಗೆ ಎಬ್ಬಿಸಿ, ಸ್ಕ್ರೀನ್ ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕಿದವನು "ಗಾಡಿ ನಾನೇ ಟ್ಯೂನ್ ಮಾಡಿದ್ದು" ಎನ್ನುತ್ತಾನೆ. ಫೋನಿನ ಕಾರ್ ಪಾರ್ಕಿಂಗ್ ಗೇಮಿನಲ್ಲಿ ಇನ್ನೂ ಕಷ್ಟ. ಎಲ್ಲರಿಗೂ 1695 ಎಚ್‌ಪಿ ಬೇಕು, ಗೇರ್ ರೇಶಿಯೋದ ನಂಬರುಗಳನ್ನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಹಾಕುತ್ತಾರೆ. ಮೂರನೇ ಗೇರಿಗೆ ಆ ನಂಬರ್ ಯಾಕೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆದೀತು: ಪಕ್ಕದ ಅಂಗಡಿಯ ಕಣಕ್ಕು ಪುಸ್ತಕದ ಕೊನೆಯ ಮೊತ್ತವನ್ನು ಮಾತ್ರ ನಕಲು ಮಾಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡ ಹಾಗೆ. ಮೊತ್ತ ಸರಿಯಾಗಿಯೇ ಇರಬಹುದು, ವ್ಯಾಪಾರ ನಿನ್ನದಲ್ಲ.

ಟ್ಯೂನಿಂಗಿನ ಒಳಗೆ ಏನಿದೆ ಎಂದು ಈಗ ಹೇಳುತ್ತೇನೆ. ಮನೆಯ ಹಿರಿಯರು ಈ ಭಾಗವನ್ನು ಬಿಟ್ಟು ಓದಬೇಡಿ, ಇದು ನಿಮಗಾಗಿಯೇ.

ಕಾರು ತಿರುವು ತೆಗೆಯುವಾಗ ಭಾರ ಹೊರಗಿನ ಟೈರುಗಳ ಮೇಲೆ ಬೀಳುತ್ತದೆ, ಒಳಗಿನ ಟೈರು ಹಗುರ ಆಗುತ್ತದೆ. ಇದು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಮುಂದಿನದು. ಟೈರಿನ ಮೇಲೆ ಭಾರ ಎರಡು ಪಟ್ಟು ಆದರೆ ಅದರ ಹಿಡಿತ ಎರಡು ಪಟ್ಟು ಆಗುವುದಿಲ್ಲ. ಸಗಟಿನಲ್ಲಿ ಹೆಚ್ಚು ತೆಗೆದಷ್ಟೂ ಕಿಲೋಗೆ ರೇಟು ಇಳಿಯುತ್ತದಲ್ಲ, ಅದೇ ಲೆಕ್ಕ. 300 ಕಿಲೋ ಇದ್ದಾಗ ಒಂದು ಟೈರು 300ರಷ್ಟು ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. 500 ಕಿಲೋ ಹೇರಿದರೆ 500 ಸಿಗುವುದಿಲ್ಲ, 450 ಸಿಕ್ಕೀತು. 100 ಕಿಲೋ ಮಾತ್ರ ಉಳಿದ ಇನ್ನೊಂದು ಟೈರು 105 ಕೊಟ್ಟೀತು. ಮೊದಲು ಎರಡೂ ಸೇರಿ 600 ಇದ್ದದ್ದು ಈಗ 555. ಕಾರಿನ ಒಟ್ಟು ಭಾರದಲ್ಲಿ ಒಂದು ಗ್ರಾಮೂ ಕಡಿಮೆ ಆಗಿಲ್ಲ, ಹಿಡಿತ ಮಾತ್ರ ಕಡಿಮೆ ಆಯಿತು.

ಆಂಟಿ ರೋಲ್ ಬಾರ್ ಎಂಬ ಸರಳು ಕೆಲಸ ಮಾಡುವುದು ಇದೇ ಲೆಕ್ಕದ ಮೇಲೆ. ಹಿಂದಿನ ಬಾರ್ ಬಿಗಿ ಮಾಡಿದರೆ ಭಾರದ ಈ ವರ್ಗಾವಣೆಯಲ್ಲಿ ಹೆಚ್ಚು ಪಾಲು ಹಿಂದಿನ ಎರಡು ಟೈರುಗಳಿಗೆ ಬೀಳುತ್ತದೆ, ಹಿಂಬದಿಯ ಹಿಡಿತ ಮೊದಲು ತಪ್ಪುತ್ತದೆ, ಬಾಲ ಹೊರಗೆ ಬರುತ್ತದೆ. ಮುಂದಿನದನ್ನು ಬಿಗಿ ಮಾಡಿದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರ ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಲೆಗೆ ಹತ್ತುವುದು ಕಷ್ಟ. ಗೇಮಿನಲ್ಲಿ ಹಿಂದಿನ ಬಾರ್ ಒಂದನ್ನೇ ಬದಲಿಸಿ ಮೂರು ಸುತ್ತು ಓಡಿಸಿದವನು ಜನ್ಮದಲ್ಲಿ ಮರೆಯುವುದಿಲ್ಲ.

ಗ್ರಿಪ್ ಟ್ಯೂನಿಂಗ್ ಅಂದರೆ ನಾಲ್ಕೂ ಟೈರುಗಳಿಂದ ಆದಷ್ಟು ಹಿಡಿತ ವಸೂಲಿ ಮಾಡುವ ಕೆಲಸ. ಕ್ಯಾಂಬರ್ ತೆಗೆದುಕೊಳ್ಳಿ, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವಾಗ ಹೊರಗಿನ ಚಕ್ರವೂ ವಾಲಿ ಅಂಚಿನ ಮೇಲೆ ನಿಲ್ಲುತ್ತದೆ. ಅದಕ್ಕೆ ಮೊದಲೇ ಒಂದೋ ಒಂದೂವರೆಯೋ ಡಿಗ್ರಿ ಒಳಕ್ಕೆ ವಾಲಿಸಿ ಇಟ್ಟರೆ ತಿರುವಿನಲ್ಲಿ ಟೈರು ಚಪ್ಪಟೆಯಾಗಿ ಕೂರುತ್ತದೆ. ಎಷ್ಟು ವಾಲಿಸಬೇಕು ಎಂದು ಯೂಟ್ಯೂಬಿಗೆ ಕೇಳಬೇಕಾಗಿಲ್ಲ. ಫೋರ್ಝಾದಲ್ಲಿ ಟೆಲಿಮೆಟ್ರಿ ತೆರೆದರೆ ಟೈರಿನ ಒಳಅಂಚು, ನಡು, ಹೊರಅಂಚು ಮೂರರ ಬಿಸಿಯನ್ನೂ ಬೇರೆ ಬೇರೆ ತೋರಿಸುತ್ತದೆ. ಒಳಅಂಚು ಮಾತ್ರ ಕಾಯುತ್ತಿದ್ದರೆ ವಾಲಿಸಿದ್ದು ಹೆಚ್ಚಾಯಿತು. ಹೊರಅಂಚು ಕಾಯುತ್ತಿದ್ದರೆ ಸಾಲದು.

ಸ್ಪ್ರಿಂಗಿಗೆ ಆಡುವವರ ನಡುವೆ ಓಡಾಡುವ ಒಂದು ಸೂತ್ರ ಉಂಟು: ಸ್ಲೈಡರಿನ ಗರಿಷ್ಠದಿಂದ ಕನಿಷ್ಠ ಕಳೆದು, ಮುಂಬದಿಯ ಭಾರದ ಶೇಕಡದಿಂದ ಗುಣಿಸಿ, ಕನಿಷ್ಠ ಕೂಡಿಸುವುದು. ಸ್ಲೈಡರ್ 30ರಿಂದ 150ರವರೆಗೆ ಉಂಟು, ಮುಂಬದಿ ಭಾರ 54 ಶೇಕಡ ಎಂದಾದರೆ ಮುಂದಿನ ಸ್ಪ್ರಿಂಗ್ 94.8, ಹಿಂದಿನದು 85.2. ಎಂಟನೇ ಕ್ಲಾಸಿನ ಗಣಿತ. ಅದು ಕೂಡ ಶುರು ಮಾಡಲಿಕ್ಕೆ ಮಾತ್ರ, ಅಲ್ಲಿಂದ ಮುಂದೆ ಕೈಯಿಂದಲೇ ಸರಿಪಡಿಸಬೇಕು. ಆದರೂ ಗಣಿತದಲ್ಲಿ ಶೇಕಡ ಬಂದರೆ ನಿದ್ದೆ ಹೋಗುವ ಹುಡುಗ ಇದನ್ನು ಬಾಯಲ್ಲೇ ಲೆಕ್ಕ ಹಾಕುವುದನ್ನು ನಾನು ನೋಡಿದ್ದೇನೆ.

ಡ್ರಿಫ್ಟ್ ಬೇರೆಯೇ ವಿದ್ಯೆ. ಹೆಚ್ಚಿನವರು ತಿಳಿದುಕೊಂಡಿರುವುದು ಡ್ರಿಫ್ಟ್ ಅಂದರೆ ಕಾರಿಗೆ ಹಿಡಿತ ಇಲ್ಲದ ಹಾಗೆ ಮಾಡುವುದು ಎಂದು. ಹಾಗಲ್ಲ. ಹಿಂದಿನ ಟೈರು ಹಿಡಿತದ ಮಿತಿ ದಾಟಿ ಜಾರುತ್ತಿರಬೇಕು, ಮುಂದಿನ ಟೈರು ಗಟ್ಟಿಯಾಗಿ ಹಿಡಿದಿರಬೇಕು. ಮುಂದಿನದೂ ಜಾರಿದರೆ ಅದು ಡ್ರಿಫ್ಟ್ ಅಲ್ಲ, ಆಕ್ಸಿಡೆಂಟ್. ಡಿಫರೆನ್ಶಿಯಲನ್ನು ಗ್ರಿಪ್ಪಿಗೆ ಅರ್ಧಕ್ಕಿಂತ ಕಡಿಮೆ ಲಾಕ್‌ನಲ್ಲಿ ಇಡುವವರು ಡ್ರಿಫ್ಟಿಗೆ ಪೂರ್ತಿ 100ಕ್ಕೆ ತರುತ್ತಾರೆ. ಯಾಕೆ? ಲಾಕ್ ಇಲ್ಲದಿದ್ದರೆ ಹಗುರಾದ ಒಳಗಿನ ಚಕ್ರ ಮಾತ್ರ ಸುಮ್ಮನೆ ಸುತ್ತುತ್ತದೆ, ಶಕ್ತಿ ಎಲ್ಲ ಅಲ್ಲೇ ಸೋರಿ ಹೋಗುತ್ತದೆ. ಲಾಕ್ ಆದಾಗ ಎರಡೂ ಚಕ್ರ ಒಂದೇ ಸ್ಪೀಡಿನಲ್ಲಿ ತಿರುಗಿ ಒಟ್ಟಿಗೆ ಜಾರುತ್ತವೆ, ಆಗ ಜಾರುವಿಕೆಯನ್ನು ಆಕ್ಸಿಲರೇಟರಿನಿಂದ ಹೆಚ್ಚು ಕಡಿಮೆ ಮಾಡಬಹುದು. ನಿಜವಾದ ಡ್ರಿಫ್ಟ್ ಕಾರುಗಳಲ್ಲಿ ಕಡಿಮೆ ಖರ್ಚಿನವರು ಡಿಫರೆನ್ಶಿಯಲನ್ನು ವೆಲ್ಡ್ ಮಾಡಿಬಿಡುವುದು ಇದಕ್ಕೇ.

ಮುಂದಿನ ಕ್ಯಾಂಬರ್ ಡ್ರಿಫ್ಟಿಗೆ ಐದು ಡಿಗ್ರಿಯವರೆಗೂ ಹೋಗುತ್ತದೆ. ಕೋಡ್ ಹಾಕುವವನಿಗೆ ಇದು ಚಂದ ಕಾಣಲಿಕ್ಕೆ ಮಾಡಿದ್ದು ಅನ್ನಿಸುತ್ತದೆ. ಕಾರಣ ಬೇರೆ. ಕಾರು ಎಡಕ್ಕೆ ಜಾರುತ್ತಾ ತಿರುಗುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿರುತ್ತದೆ, ಭಾರವೂ ಬಲಗಡೆಯ ಮುಂಚಕ್ರದ ಮೇಲೆಯೇ ಇರುತ್ತದೆ. ಕ್ಯಾಸ್ಟರ್ ಹೆಚ್ಚಿರುವ ಕಾರಿನಲ್ಲಿ ಹಾಗೆ ಪೂರ್ತಿ ತಿರುಗಿಸಿದಾಗ ಆ ಚಕ್ರ ಹೊರಕ್ಕೆ ವಾಲುತ್ತದೆ. ಅದನ್ನು ಸರಿದೂಗಿಸಲು ಮೊದಲೇ ಅಷ್ಟು ಒಳಕ್ಕೆ ವಾಲಿಸಿ ಇಡಬೇಕು. ಹಾಗಾದರೆ ಕ್ಯಾಸ್ಟರನ್ನು ಅಷ್ಟು ಹೆಚ್ಚು ಯಾಕೆ ಇಡುತ್ತಾರೆ? ಕಾರು ಹೋಗುವ ದಿಕ್ಕಿಗೆ ಸ್ಟೇರಿಂಗ್ ತಾನಾಗಿ ತಿರುಗಿ ಬರಲಿ ಎಂದು. ಒಂದು ಪ್ರಶ್ನೆಗೆ ಉತ್ತರ ಹುಡುಕಿದರೆ ಇನ್ನೊಂದು ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ. ಈ ಸರಪಳಿಯನ್ನೇ ಆ ನಂಬರ್ ಕಡಿದು ಹಾಕುತ್ತದೆ. ಅದಕ್ಕೆ ನನಗೆ ಅದರ ಮೇಲೆ ಇಷ್ಟು ಸಿಟ್ಟು.

ಇನ್ನೊಂದು ಮಾತು ನಡುವೆ. ಈ ಎಲ್ಲ ಶಬ್ದಗಳನ್ನು ನಮ್ಮ ಹುಡುಗರು ಕಲಿಯುವುದು ಮಲಯಾಳಂ ಯೂಟ್ಯೂಬಿನಿಂದ ಅಥವಾ ಇಂಗ್ಲಿಷಿನಿಂದ. ಕನ್ನಡ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ಬ್ಯಾರಿ ಮಾತಾಡಿ, ಕ್ಯಾಂಬರ್ ಏನೆಂದು ಮಲಯಾಳದಲ್ಲಿ ತಿಳಿದುಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಮನೆಯಲ್ಲಿ ಉಪ್ಪನಿಗೆ ವಿವರಿಸಲು ಬಾಯಿ ಬರುವುದಿಲ್ಲ. ಅವರಿಗೆ ಕಾಣುವುದು ಸ್ಕ್ರೀನಿನಲ್ಲಿ ಹೊಗೆ, ಕೇಳುವುದು ಕೀಂಯ್ ಎಂಬ ಸದ್ದು. ಮಗನ ತಲೆಯೊಳಗೆ ನಡೆಯುತ್ತಿರುವ ಲೆಕ್ಕ ಕಾಣುವುದಿಲ್ಲ.

ಈಗ ಹಿರಿಯರ ತಕರಾರಿಗೆ ಬರುತ್ತೇನೆ. ಅಸರ್ ಬಾಂಗ್ ಕೊಟ್ಟರೂ ಏಳುವುದಿಲ್ಲ, ಊಟಕ್ಕೆ ಕರೆದರೆ "ಒಂದೇ ರೇಸ್" ಎನ್ನುತ್ತಾನೆ ಎಂಬುದು ನ್ಯಾಯವಾದ ದೂರು. ಅದಕ್ಕೆ ನನ್ನ ಹತ್ತಿರ ವಾದ ಇಲ್ಲ, ಆಫ್ ಮಾಡಿ. ಆದರೆ "ಗೇಮಿನಿಂದಲೇ ರಸ್ತೆಯಲ್ಲಿ ಡ್ರಿಫ್ಟ್ ಮಾಡುತ್ತಾನೆ" ಎಂಬುದನ್ನು ಒಪ್ಪಲಾರೆ. ರಸ್ತೆಯಲ್ಲಿ ಕಾರು ಅಡ್ಡ ಎಳೆಯುವವನು ಅದನ್ನು ನೋಡಿದ್ದು ರೀಲ್ಸಿನಲ್ಲಿ. ಆ ರೀಲ್ಸಿನಲ್ಲಿ ಅರ್ಧ ಗಲ್ಫಿನವು. ಸೌದಿಯ ಹೈವೇಗಳಲ್ಲಿ ತಫ್‌ಹೀತ್ ಎನ್ನುವ ಆ ಹುಚ್ಚಾಟ ನಮ್ಮ ಕಡೆಯ ಗಲ್ಫಿನವರಿಗೆಲ್ಲ ಗೊತ್ತು. ಅಲ್ಲಿ 2016ರಲ್ಲಿ ದಂಡ ಏರಿಸಿ ಮೊದಲ ಸಲ ಸಿಕ್ಕಿದವನಿಗೇ 20,000 ರಿಯಾಲ್ ಮಾಡಿದರು. ದಂಡದ ಸುದ್ದಿ ಊರಿಗೆ ಬರಲಿಲ್ಲ, ವಿಡಿಯೋ ಮಾತ್ರ ಬಂತು. ಶಾಲೆಯ ಬೀಳ್ಕೊಡುಗೆ ದಿನ ಬಾಡಿಗೆ ಕಾರು ತಂದು ಮೈದಾನದಲ್ಲಿ ಸುತ್ತು ಹೊಡೆಯುವ ಶೋಕಿ ಕೇರಳದಲ್ಲಿ ಈಗ ಎಷ್ಟು ನಡೆಯುತ್ತಿದೆ ನೋಡಿ. ಅದಕ್ಕೆ ಬೇಕಾದದ್ದು ಒಂದು ಕಾರು ಮತ್ತು ಕ್ಯಾಮೆರಾ ಹಿಡಿಯುವ ಒಬ್ಬ ದೋಸ್ತ್. ಟ್ಯೂನಿಂಗ್ ಪುಟ ತೆರೆದು ಮೂರು ಗಂಟೆ ಕೂರುವ ತಾಳ್ಮೆ ಇದ್ದವನಿಗೆ ಆ ಶೋಕಿ ಸಪ್ಪೆ ಅನ್ನಿಸುತ್ತದೆ.

ಗೇಮಿನ ಪರ ಮಾತಾಡುವವರು ಯಾವಾಗಲೂ ಜಾನ್ ಮಾರ್ಡನ್‌ಬರೋ ಕತೆ ಹೇಳುತ್ತಾರೆ. ಗ್ರಾನ್ ಟೂರಿಸ್ಮೊ ಆಡುತ್ತಿದ್ದ ಬ್ರಿಟನ್ನಿನ ಹುಡುಗ, ನಿಸಾನ್ ಮತ್ತು ಸೋನಿ ನಡೆಸುತ್ತಿದ್ದ ಜಿಟಿ ಅಕಾಡೆಮಿಯನ್ನು 2011ರಲ್ಲಿ ಗೆದ್ದ, 2013ರಲ್ಲಿ ಲೆ ಮಾನ್ 24 ಗಂಟೆಯ ರೇಸಿನಲ್ಲಿ ತನ್ನ ವಿಭಾಗದಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದ. 2023ರಲ್ಲಿ ಸಿನಿಮಾ ಕೂಡ ಬಂತು. ಎಲ್ಲ ನಿಜ. ಆದರೆ ಕತೆ ಹೇಳುವವರು 2015ರ ಮಾರ್ಚ್ ತಿಂಗಳನ್ನು ಹಾರಿಸಿಬಿಡುತ್ತಾರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ರೇಸ್ ಮಧ್ಯೆ ಅವನ ಕಾರು ಗಾಳಿಗೆ ಎದ್ದು ಬೇಲಿಯಾಚೆ ಬಿದ್ದು ನೋಡಲು ಬಂದಿದ್ದ ಒಬ್ಬರು ಸತ್ತರು. ವರ್ಷಗಟ್ಟಲೆ ತರಬೇತಿ ಪಡೆದವನು, ಮುಚ್ಚಿದ ಟ್ರ್ಯಾಕ್, ಬೇಲಿ, ಹೆಲ್ಮೆಟ್ ಎಲ್ಲ ಇದ್ದೂ ಹಾಗಾಯಿತು. ಇದನ್ನು ಹುಡುಗರಿಗೆ ನಾವೇ ಹೇಳಬೇಕು, ಯಾಕೆಂದರೆ ಫೋರ್ಝಾದಲ್ಲಿ ತಪ್ಪಾದರೆ ಒಂದು ಬಟನ್ ಒತ್ತಿ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಬಹುದು. ಗೇಮಿನಲ್ಲಿ ನನಗೆ ನಿಜವಾಗಿ ಅಪಾಯ ಅನ್ನಿಸುವುದು ಆ ರಿವೈಂಡ್ ಬಟನ್. ಸೆಟ್ಟಿಂಗ್ಸಿನಲ್ಲಿ ಅದನ್ನು ಆಫ್ ಮಾಡಬಹುದು, ಡ್ಯಾಮೇಜನ್ನು ಸಿಮ್ಯುಲೇಶನ್‌ಗೆ ಇಡಬಹುದು. ಗೋಡೆಗೆ ಗುದ್ದಿದ ಕಾರು ಆಮೇಲೆ ಸರಿಯಾಗಿ ಓಡುವುದಿಲ್ಲ. ಕಂಟ್ರೋಲರ್ ಕಸಿಯುವ ಉಪ್ಪಂದಿರು ಅದರ ಬದಲು ಈ ಎರಡು ಸೆಟ್ಟಿಂಗ್ ಮಾಡಿಸಲಿ.

ರಸ್ತೆಯ ವಿಷಯಕ್ಕೂ ಟ್ಯೂನಿಂಗೇ ಒಳ್ಳೆಯ ಉಸ್ತಾದ್. ನಮ್ಮ ಅಂಗಳದಲ್ಲಿ ನಿಂತಿರುವ ಕಾರುಗಳು ಯಾವುವು? ಸ್ವಿಫ್ಟ್, ಬಲೆನೋ, ಐ20. ಎಲ್ಲ ಮುಂದಿನ ಚಕ್ರ ಎಳೆಯುವ ಗಾಡಿಗಳು. ಡ್ರಿಫ್ಟಿಗೆ ಹೆಸರಾದ ಟೊಯೊಟಾ ಎಇ86, 1983ರಿಂದ 1987ರವರೆಗೆ ಬಂದದ್ದು, ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ತೂಕ ಒಂದು ಟನ್ನಿಗೂ ಕಡಿಮೆ. ಜಪಾನಿನ ಘಾಟಿ ರಸ್ತೆಗಳಲ್ಲಿ ಅದನ್ನು ಓಡಿಸಿ ಹೆಸರು ಮಾಡಿದ ಕೆಇಚಿ ತ್ಸುಚಿಯಾ ರೇಸ್ ಟ್ರ್ಯಾಕಿನ ಡ್ರೈವರ್ ಕೂಡ ಹೌದು. ಜಪಾನಿನಲ್ಲೇ 2000ದಲ್ಲಿ ಡಿ1 ಗ್ರ್ಯಾಂಡ್ ಪ್ರಿ ಶುರುವಾಗಿ ಡ್ರಿಫ್ಟ್ ಟ್ರ್ಯಾಕಿನೊಳಗಿನ ಸ್ಪರ್ಧೆ ಆಯಿತು. ಸ್ವಿಫ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರ ಸಿಕ್ಕಿಬಿದ್ದು ಬಾಲ ಬೀಸುತ್ತದೆ, ಅಷ್ಟೇ. ಆ ಜಾರುವಿಕೆಯನ್ನು ಹಿಡಿದಿಡಲು ಕೈಯಲ್ಲಿ ಏನೂ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರ ಮೂತಿಯನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಡ್ರಿಫ್ಟ್ ಎಂದು ಹೆಸರಿಡುವುದು ಡ್ರಿಫ್ಟಿಗೆ ಅವಮಾನ. ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ಹಿಂದಿನ ಚಕ್ರಕ್ಕೆ ಎಳೆತ ಇರುವವು ನಿಜ, ಆದರೆ ಎತ್ತರದ ಗಾಡಿ. ಅಡ್ಡ ಜಾರುವಾಗ ಟೈರು ಡಿವೈಡರಿಗೋ ಬದಿಯ ಮಣ್ಣಿಗೋ ತಾಗಿದರೆ ಮಗುಚುತ್ತದೆ.

ಕಾನೂನು ಬೇಕಾದವರಿಗೆ ಅದೂ ಇರಲಿ. 2019ರ ತಿದ್ದುಪಡಿಯ ನಂತರ ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಕೇಸು ಉಪ್ಪನ ಮೇಲೆ ಅಥವಾ ಗಾಡಿಯ ಮಾಲಕನ ಮೇಲೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ರಿಜಿಸ್ಟ್ರೇಶನ್ ರದ್ದು, ಹುಡುಗನಿಗೆ 25 ವಯಸ್ಸಿನವರೆಗೆ ಲೈಸನ್ಸ್ ಇಲ್ಲ. ಗೇಮ್ ಮಾರಿ ಕಾರಿನ ಕೀಲಿಯನ್ನು ಟಿವಿ ಮೇಲೆ ಇಟ್ಟು ಮಲಗುವ ಮನೆಗಳು ನನಗೆ ಗೊತ್ತು.

ಇಷ್ಟು ಹೇಳಿದರೂ ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಗ್ರಾನ್ ಟೂರಿಸ್ಮೊ 7ರಲ್ಲಿ ಸುಝುಕಿಯ ಸ್ವಿಫ್ಟ್ ಸ್ಪೋರ್ಟ್ ಉಂಟು. ಮಗನನ್ನು ಕರೆದು, ಯಾರ ಸೆಟ್ಟಿಂಗನ್ನೂ ನೋಡದೆ ಈ ಗಾಡಿಯನ್ನು ನೀನೇ ಟ್ಯೂನ್ ಮಾಡಿ ಒಂದು ತಿರುವು ಪೂರ್ತಿ ಡ್ರಿಫ್ಟ್ ಮಾಡಿ ತೋರಿಸು ಮೋನೆ ಎಂದು ಹೇಳಿ. ಹಿಂದಿನ ಬಾರ್ ಬಿಗಿ ಮಾಡುತ್ತಾನೆ, ಡಿಫರೆನ್ಶಿಯಲ್ ಲಾಕ್ ಮಾಡುತ್ತಾನೆ, ಹಿಂದಿನ ಟೈರನ್ನು ಕೀಳು ದರ್ಜೆಗೆ ಇಳಿಸುತ್ತಾನೆ, ಹ್ಯಾಂಡ್‌ಬ್ರೇಕ್ ಎಳೆಯುತ್ತಾನೆ. ಬಾಲ ಒಂದು ಸಲ ಬೀಸಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಮೂತಿ ನೇರ ಹೋಗಿ ಬದಿಯ ಗೋಡೆ ಸೇರುತ್ತದೆ. ಪುನಃ ಮಾಡುತ್ತಾನೆ, ಪುನಃ ಗೋಡೆ. ನೀವು ಪಕ್ಕದಲ್ಲಿ ಚಾ ಕುಡಿಯುತ್ತಾ ಕೂತಿರಿ, ಏನೂ ಹೇಳಬೇಡಿ. ಏಳೆಂಟು ಸಲ ಆದ ಮೇಲೆ "ಯಾಕೆ ಆಗುವುದಿಲ್ಲ?" ಎಂದು ಮಾತ್ರ ಕೇಳಿ. ಉತ್ತರ ಅವನೇ ಹೇಳುತ್ತಾನೆ, ಬ್ಯಾರಿಯಲ್ಲೇ.